ಕಾಣದ ಬಳೆಯಲ್ಲಿ ಹರಿಯುವ ವಿದ್ಯುತ್ತು

ಶ್ರಾವಣ ಬಂದಿತೆಂದರೆ ಗಂಗಾವತಿಯ ಮನೆಮನೆಗಳಲ್ಲಿ ಸೀರೆಯ ಪೆಟ್ಟಿಗೆಗಳು ತೆರೆಯುತ್ತವೆ. ತಿಂಗಳುಗಟ್ಟಲೆ ಮಡಿಕೆಯಲ್ಲಿ ಮಲಗಿದ್ದ ರೇಷ್ಮೆಯನ್ನು ಹೊರಗೆ ತೆಗೆದೊಡನೆ ಮೂಗಿಗೆ ಮೊದಲು ಬಡಿಯುವುದು ನುಸಿಗುಳಿಗೆಯ ವಾಸನೆ. ಅದೇ ಹೊತ್ತಿಗೆ ಊರ ಹೊರಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಗದ್ದೆಗಳಿಗೆ ಇಳಿದು, ಭತ್ತದ ಸಸಿಗಳ ಎಳೆಹಸಿರು ಕಣ್ಣಿಗೆ ಹಬ್ಬವನ್ನುಂಟುಮಾಡುತ್ತದೆ. ಆ ನೀರಿನ ತವರಾದ ಅಣೆಕಟ್ಟಿನ ಮಗ್ಗುಲಲ್ಲಿ, ಮುನಿರಾಬಾದಿನ ವಿದ್ಯುದಾಗಾರದಲ್ಲಿ, ನದಿಯ ರಭಸಕ್ಕೆ ಚಕ್ರಗಳು ತಿರುಗಿ ಮನೆಮನೆಯ ದೀಪಕ್ಕೆ ವಿದ್ಯುತ್ತು ಹುಟ್ಟುತ್ತದೆ.

ಸೀರೆಯ ಪೆಟ್ಟಿಗೆಯ ಗುಳಿಗೆ, ಗದ್ದೆಯ ಹಸಿರು, ವಿದ್ಯುದಾಗಾರದ ಯಂತ್ರ, ಇವು ಮೂರಕ್ಕೂ ಏನು ನಂಟು? ಮೇಲುನೋಟಕ್ಕೆ ಯಾವುದೂ ಇಲ್ಲ. ಆದರೆ ಮುನಿರಾಬಾದಿನಲ್ಲಿ ಕಾಂತವು ತಾಮ್ರದ ಸುರುಳಿಯಲ್ಲಿ ಪ್ರವಾಹವನ್ನು ಎಬ್ಬಿಸುವಂತೆಯೇ, ನುಸಿಗುಳಿಗೆಯ ಅಣುವಿನಲ್ಲಿಯೂ ಭತ್ತದೆಲೆಯ ಹಸಿರಿನ ಅಣುವಿನಲ್ಲಿಯೂ ಕಾಂತವು ಪ್ರವಾಹವನ್ನು ಎಬ್ಬಿಸುತ್ತದೆ. ಅಲ್ಲಿ ತಂತಿಯಿಲ್ಲ, ಪರಮಾಣುಗಳೇ ಸೇರಿ ರಚಿಸಿದ ಒಂದು ಪುಟ್ಟ ಬಳೆಯುಂಟು. ಆ ಬಳೆಯ ಸುತ್ತ ಹರಿಯುವ ಪ್ರವಾಹವನ್ನು ಇದುವರೆಗೆ ಯಾರೂ ತಂತಿ ಜೋಡಿಸಿ ಅಳೆದವರಿಲ್ಲ. ಹಾಗಿದ್ದೂ ವಿಜ್ಞಾನಿಗಳು ಅದು ಇಷ್ಟೇ ಎಂದು ಅಂಕಿಯಲ್ಲಿ ಹೇಳುತ್ತಾರೆ. ಕಾಣದುದನ್ನು ಅವರು ಹೇಗೆ ನಂಬಿದರು? ಆ ನಂಬಿಕೆಯನ್ನು ಪರೀಕ್ಷಿಸಿದವರು ಯಾರು? ಈ ಕಥೆಯಲ್ಲಿ ಭಾರತೀಯರ ಪಾತ್ರವೂ ಅಲ್ಪವಲ್ಲ.

ಒಬ್ಬನೇ ಕಂಡ ಎರಡು ಸಂಗತಿ

ಲಂಡನ್ನಿನ ಮೈಕೇಲ್ ಫ್ಯಾರಡೆ ಕಮ್ಮಾರನೊಬ್ಬನ ಮಗ. ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿತವನು. 1825ರಲ್ಲಿ ಅವನು, ದೀಪಕ್ಕೆ ಬಳಸುತ್ತಿದ್ದ ಅನಿಲವನ್ನು ಒತ್ತಿ ತುಂಬಿದ ಪಾತ್ರೆಗಳ ತಳದಲ್ಲಿ ಉಳಿಯುತ್ತಿದ್ದ ಎಣ್ಣೆಯಂಥ ದ್ರವವನ್ನು ಶೋಧಿಸಿ, ಅದರಿಂದ ಹೊಸದೊಂದು ವಸ್ತುವನ್ನು ಬೇರ್ಪಡಿಸಿದ. ಅದೇ ಇಂದಿನ ಬೆಂಜೀನ್. ಆರು ವರ್ಷಗಳ ಅನಂತರ, 1831ರಲ್ಲಿ, ಕಬ್ಬಿಣದ ಒಂದು ಉಂಗುರಕ್ಕೆ ಎರಡು ಕಡೆ ತಂತಿ ಸುತ್ತಿ, ಒಂದರಲ್ಲಿ ಪ್ರವಾಹವನ್ನು ಹರಿಸಿದಾಗ ಮತ್ತು ನಿಲ್ಲಿಸಿದಾಗ ಇನ್ನೊಂದರಲ್ಲಿಯೂ ಕ್ಷಣಕಾಲ ಪ್ರವಾಹ ಹುಟ್ಟುವುದನ್ನು ಕಂಡ. ಜಗತ್ತಿನ ವಿದ್ಯುದಾಗಾರಗಳ ಯಂತ್ರಗಳೆಲ್ಲ ಆ ಉಂಗುರದ ಸಂತಾನವೆನ್ನಬಹುದು.

ಬೆಂಜೀನನ್ನು ಕಂಡವನೂ ಅವನೇ, ಕಾಂತದಿಂದ ಪ್ರವಾಹ ಹುಟ್ಟುವುದನ್ನು ಕಂಡವನೂ ಅವನೇ. ಆದರೆ ತನ್ನ ಎರಡನೆಯ ಶೋಧವು ಮೊದಲನೆಯದರ ಒಡಲೊಳಗೇ ನಡೆಯುತ್ತಿರುತ್ತದೆಂಬುದು ಫ್ಯಾರಡೆಗೆ ತಿಳಿಯುವಂತಿರಲಿಲ್ಲ. ಬೆಂಜೀನ್ ಅಣುವಿನ ಆಕಾರವೇ ಆಗ ಗೊತ್ತಿರಲಿಲ್ಲ. ಆರು ಇಂಗಾಲದ ಪರಮಾಣುಗಳು ಕೈಕೈ ಹಿಡಿದು ವೃತ್ತವಾಗಿ ನಿಂತಿವೆ, ಒಂದೊಂದಕ್ಕೂ ಹೊರಗಡೆ ಒಂದೊಂದು ಹೈಡ್ರೋಜನ್ ಅಂಟಿಕೊಂಡಿದೆ ಎಂದು ಜರ್ಮನಿಯ ಕೆಕುಲೆ ಸೂಚಿಸಿದ್ದು 1865ರಲ್ಲಿ. ಆ ಬಳೆ ಎಷ್ಟು ಚಿಕ್ಕದೆಂದರೆ, ಒಂದು ಮಿಲಿಮೀಟರಿನ ಉದ್ದದಲ್ಲಿ ಸುಮಾರು 20 ಲಕ್ಷ ಅಣುಗಳನ್ನು ಸಾಲಾಗಿ ಇಡಬಹುದು. ನುಸಿಗುಳಿಗೆಯ ನ್ಯಾಫ್ತಲೀನಿನಲ್ಲಿ ಇಂಥ ಎರಡು ಬಳೆಗಳು ಪಕ್ಕಪಕ್ಕದಲ್ಲಿ ಬೆಸೆದುಕೊಂಡಿವೆ.

ಈ ಬಳೆಯಲ್ಲಿ ಒಂದು ವಿಶೇಷವುಂಟು. ಇಂಗಾಲಗಳನ್ನು ಹಿಡಿದಿಟ್ಟ ಎಲೆಕ್ಟ್ರಾನುಗಳಲ್ಲಿ ಆರು ಮಾತ್ರ ಯಾವೊಂದು ಪರಮಾಣುವಿಗೂ ಸ್ವಂತವಲ್ಲ. ಅವು ಇಡೀ ಬಳೆಗೆ ಸೇರಿದುವು. ಬಳೆಗೆ ಅಡ್ಡಲಾಗಿ ಕಾಂತಕ್ಷೇತ್ರವೊಂದು ಹಾದುಹೋದರೆ ಈ ಎಲೆಕ್ಟ್ರಾನುಗಳು ಬಳೆಯ ಸುತ್ತ ಹರಿಯತೊಡಗುತ್ತವೆ. ತಾಮ್ರದ ತಂತಿಯಲ್ಲಾದರೆ ಕ್ಷೇತ್ರದ ಬದಲಾವಣೆ ನಿಂತೊಡನೆ ಪ್ರವಾಹವೂ ತಂತಿಯ ತಡೆಗೆ ಸಿಕ್ಕಿ ಅಡಗುತ್ತದೆ. ಅಣುವಿನ ಬಳೆಯಲ್ಲಿ ತಡೆಯೆಂಬುದೇ ಇಲ್ಲ. ಕ್ಷೇತ್ರ ಇರುವಷ್ಟು ಹೊತ್ತೂ ಪ್ರವಾಹ ನಿಲ್ಲದು. ಎಳ್ಳಷ್ಟೂ ಶಾಖ ಹುಟ್ಟದು. ಇದಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ವಲಯಪ್ರವಾಹ.

ಢಾಕ್ಕಾದ ಹರಳುಗಳು

ಈ ಪ್ರವಾಹದ ಮೊದಲ ಸುಳಿವು ದೊರೆತುದು ಹರಳುಗಳಲ್ಲಿ. ಆ ಸುಳಿವನ್ನು ಹಿಡಿದವರಲ್ಲಿ ಭಾರತೀಯರು ಮುಂಚೂಣಿಯಲ್ಲಿದ್ದರು. ಬಹುಪಾಲು ವಸ್ತುಗಳು ಕಾಂತದಿಂದ ಅತಿ ಸೂಕ್ಷ್ಮವಾಗಿ ದೂರ ಸರಿಯುತ್ತವೆಂಬುದನ್ನು 1845ರಲ್ಲಿ ಕಂಡವನೂ ಫ್ಯಾರಡೆಯೇ. ಈ ಗುಣಕ್ಕೆ ಪ್ರತಿಕಾಂತತ್ವವೆಂದು ಹೆಸರು. 1929ರಲ್ಲಿ, ರಾಮನ್ ಪರಿಣಾಮದ ಶೋಧವಾದ ಮರುವರ್ಷವೇ, ಸರ್ ಸಿ. ವಿ. ರಾಮನ್ ಅವರು ‘ನೇಚರ್’ ಪತ್ರಿಕೆಯಲ್ಲಿ ಪ್ರತಿಕಾಂತತ್ವಕ್ಕೂ ಅಣುಗಳ ರಚನೆಗೂ ಇರುವ ಸಂಬಂಧವನ್ನು ಚರ್ಚಿಸಿದರು. ಬಳೆಯಾಕಾರದ ಅಣುಗಳು ಎಲ್ಲ ದಿಕ್ಕಿನಲ್ಲಿಯೂ ಕಾಂತವನ್ನು ಒಂದೇ ಸಮನಾಗಿ ವಿರೋಧಿಸುವುದಿಲ್ಲ. ಬಳೆಗೆ ಅಡ್ಡಲಾಗಿ ಕ್ಷೇತ್ರ ಬಿದ್ದಾಗ ವಿರೋಧ ಬಹಳ ಹೆಚ್ಚು. ಎಲೆಕ್ಟ್ರಾನುಗಳು ಒಂದು ಪರಮಾಣುವನ್ನು ಮಾತ್ರವಲ್ಲದೆ ಇಡೀ ಬಳೆಯನ್ನೇ ಸುತ್ತುವುದಾದರೆ ಹೀಗಾಗುವುದು ಸಹಜವಷ್ಟೆ!

ಊಹೆಗೆ ಅಳತೆಯ ಬೆಂಬಲ ಬೇಕಾಗಿತ್ತು. ರಾಮನ್ ಅವರ ಸಹೋದ್ಯೋಗಿಯಾಗಿದ್ದ ಕೆ. ಎಸ್. ಕೃಷ್ಣನ್ ಅವರು ಕಲ್ಕತ್ತೆಯಿಂದ ಢಾಕ್ಕಾ ವಿಶ್ವವಿದ್ಯಾಲಯಕ್ಕೆ ಹೋಗಿ ಆ ಕಾರ್ಯವನ್ನು ಕೈಗೊಂಡರು. ಕೂದಲಿಗಿಂತ ನವುರಾದ ಸ್ಫಟಿಕದ ಎಳೆಯೊಂದರ ತುದಿಗೆ ಹರಳನ್ನು ತೂಗುಬಿಟ್ಟು, ಅದನ್ನು ಕಾಂತಗಳ ನಡುವೆ ಇರಿಸಿದರೆ, ಹರಳು ತನಗೆ ಒಗ್ಗುವ ದಿಕ್ಕಿಗೆ ತಿರುಗಲು ಹವಣಿಸುತ್ತದೆ. ಎಳೆಯನ್ನು ಎಷ್ಟು ತಿರುಚಿದರೆ ಅದನ್ನು ತಡೆಯಬಹುದೆಂಬುದರಿಂದ ಹರಳಿನ ಗುಣವನ್ನು ಎಣಿಸಬಹುದು. ನ್ಯಾಫ್ತಲೀನ್, ಆಂತ್ರಸೀನ್ ಮೊದಲಾದ ಅನೇಕ ಹರಳುಗಳ ಅಳತೆಯನ್ನು ಕೃಷ್ಣನ್, ಗುಹಾ ಮತ್ತು ಬ್ಯಾನರ್ಜಿಯವರು 1933ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಗೃಹಿಣಿಯರ ಸೀರೆ ಕಾಯುವ ಗುಳಿಗೆಯ ದ್ರವ್ಯವೇ ಢಾಕ್ಕಾದ ಪ್ರಯೋಗಶಾಲೆಯಲ್ಲಿ ಎಳೆಗೆ ತೂಗಿ, ಅಣುವಿನೊಳಗಿನ ಗುಟ್ಟಿಗೆ ಸಾಕ್ಷಿ ನುಡಿಯಿತು. ಅದೇ ವರ್ಷ ರಾಮನ್ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದು, ಕಡೆಯವರೆಗೆ ಕರ್ನಾಟಕದಲ್ಲಿಯೇ ನೆಲಸಿದರು.

1936ರಲ್ಲಿ ಅಮೆರಿಕದ ಲೈನಸ್ ಪಾಲಿಂಗ್, ಮರುವರ್ಷ ಫ್ರಿಟ್ಜ್ ಲಂಡನ್, ಈ ಪ್ರವಾಹಕ್ಕೆ ಗಣಿತದ ಉಡುಪನ್ನು ತೊಡಿಸಿದರು. ಲಂಡನ್ ಅವರದು ಕ್ವಾಂಟಮ್ ಸಿದ್ಧಾಂತದ ಲೆಕ್ಕ. ಅದರ ಒಂದು ಯುಕ್ತಿಯ ವಿಚಾರ ಮುಂದೆ ಬರುತ್ತದೆ.

ಹೈಡ್ರೋಜನಿನ ಸಾಕ್ಷ್ಯ

ಹರಳಿನಲ್ಲಿ ಕೋಟ್ಯನುಕೋಟಿ ಅಣುಗಳ ಒಟ್ಟು ವರ್ತನೆ ಕಾಣುತ್ತದೆ. ಬಳೆಯ ಪಕ್ಕದಲ್ಲಿಯೇ ನಿಂತು ವರದಿ ಮಾಡುವ ಸಾಕ್ಷಿಯೊಂದು ಬೇಕಾಗಿತ್ತು. ಅಂಥ ಸಾಕ್ಷಿ ಹೈಡ್ರೋಜನಿನ ಬೀಜ.

ಹೈಡ್ರೋಜನ್ ಪರಮಾಣುವಿನ ಬೀಜವು ತಾನೇ ಒಂದು ಕಿರುಕಾಂತ. ಬಲವಾದ ಕಾಂತಕ್ಷೇತ್ರದಲ್ಲಿ ಇಟ್ಟಾಗ ಅದು ಬುಗುರಿಯಂತೆ ತೂಗಾಡುತ್ತ ಸುತ್ತುತ್ತದೆ; ಆ ಸುತ್ತಿಗೆ ಸರಿಹೊಂದುವ ರೇಡಿಯೋ ಅಲೆ ಬಂದರೆ ಮಾತ್ರ ಅದಕ್ಕೆ ಓಗೊಡುತ್ತದೆ. ಕ್ಷೇತ್ರ 2.35 ಟೆಸ್ಲಾ ಇದ್ದರೆ ಆ ಅಲೆಯ ಆವರ್ತನ ಸುಮಾರು 100 ಮೆಗಾಹರ್ಟ್ಸ್, ಎಂದರೆ ಮನೆಯ ಎಫ್.ಎಂ. ರೇಡಿಯೋ ಹಿಡಿಯುವಂಥ ಅಲೆಯೇ. ಇದಕ್ಕೆ ಬೈಜಿಕ ಕಾಂತೀಯ ಅನುರಣನವೆಂದು ಹೆಸರು. ಆಸ್ಪತ್ರೆಗಳ ಎಮ್.ಆರ್.ಐ. ಯಂತ್ರದ ಮೂಲವೂ ಇದೇ. ಸ್ಟ್ಯಾನ್‌ಫರ್ಡಿನ ಫೆಲಿಕ್ಸ್ ಬ್ಲಾಕ್ ಮತ್ತು ಹಾರ್ವರ್ಡಿನ ಎಡ್ವರ್ಡ್ ಪರ್ಸೆಲ್ ಅವರಿಗೆ ಇದಕ್ಕಾಗಿ 1952ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಬ್ಲಾಕ್ ಅವರ ಸ್ಟ್ಯಾನ್‌ಫರ್ಡಿನಲ್ಲಿ ಆಗ ಭಾರತೀಯನೊಬ್ಬನಿದ್ದ. ಅವರೇ ಎಸ್. ಎಸ್. ಧರ್ಮಟ್ಟಿ. ಹೆಸರು ಉತ್ತರ ಕರ್ನಾಟಕದ ಕಿವಿಗೆ ಹೊಸದಲ್ಲ. 1951ರಲ್ಲಿ ಆರ್ನಲ್ಡ್, ಧರ್ಮಟ್ಟಿ ಮತ್ತು ಪ್ಯಾಕರ್ಡ್ ಮೂವರೂ ಸೇರಿ ಮದ್ಯಸಾರವನ್ನು ಕಾಂತದ ನಡುವೆ ಇಟ್ಟು ರೇಡಿಯೋ ಅಲೆಯಿಂದ ಪರೀಕ್ಷಿಸಿದರು. ಅದರ ಅಣುವಿನಲ್ಲಿ ಹೈಡ್ರೋಜನುಗಳು ಆರು. ಒಂದೇ ಕಾಂತ, ಒಂದೇ ಧಾತು. ಆದರೂ ಬಂದುದು ಒಂದು ಗೆರೆಯಲ್ಲ, ಮೂರು! ಅವುಗಳ ವಿಸ್ತಾರ 1, 2, 3 ಎಂಬ ಪ್ರಮಾಣದಲ್ಲಿತ್ತು. ಅಣುವಿನಲ್ಲಿ ಮೂರು ಬೇರೆಬೇರೆ ನೆಲೆಗಳಲ್ಲಿ ಕ್ರಮವಾಗಿ ಒಂದು, ಎರಡು, ಮೂರು ಹೈಡ್ರೋಜನುಗಳಿರುವುದು ತಾನೆ? ಎಲೆಕ್ಟ್ರಾನುಗಳ ಮುಸುಕು ಎಲ್ಲಿ ದಟ್ಟವೋ ಅಲ್ಲಿ ಬೀಜಕ್ಕೆ ತಾಕುವ ಕ್ಷೇತ್ರ ತುಸು ಕಡಿಮೆ. ಎಲ್ಲಿ ತೆಳುವೋ ಅಲ್ಲಿ ತುಸು ಹೆಚ್ಚು. ಹೀಗೆ ಪ್ರತಿಯೊಂದು ಹೈಡ್ರೋಜನೂ ತಾನಿರುವ ನೆರೆಹೊರೆಯ ವಿಚಾರವನ್ನು ಗೆರೆಯ ಸ್ಥಾನದಿಂದಲೇ ತಿಳಿಸುತ್ತದೆ. ರಸಾಯನಶಾಸ್ತ್ರಜ್ಞರು ಅಣುಗಳನ್ನು ಓದುವ ವಿಧಾನವೇ ಆ ಮೂರು ಗೆರೆಗಳಿಂದ ಬದಲಾಯಿತು. ಧರ್ಮಟ್ಟಿಯವರು ಸ್ವದೇಶಕ್ಕೆ ಮರಳಿ, 1950ರ ದಶಕದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಈ ವಿದ್ಯೆಯನ್ನು ನೆಲೆಗೊಳಿಸಿದರು.

ಗೆರೆಗಳ ಸ್ಥಾನವನ್ನು ಹತ್ತು ಲಕ್ಷದಲ್ಲಿ ಇಷ್ಟು ಭಾಗವೆಂದು ಗುರುತಿಸುವುದು ವಾಡಿಕೆ. ಬೀಜಕ್ಕೆ ತಾಕುವ ಕ್ಷೇತ್ರ ಹೆಚ್ಚಿದಂತೆ ಅಂಕಿಯೂ ಹೆಚ್ಚು. ಬಳೆಯಿಲ್ಲದ ಎಥಿಲೀನಿನ ಹೈಡ್ರೋಜನುಗಳ ಗೆರೆ 5ನ್ನು ತುಸು ದಾಟಿದಲ್ಲಿ ಬೀಳುತ್ತದೆ. ಬೆಂಜೀನಿನದು 7ನ್ನೂ ದಾಟುತ್ತದೆ. ಈ ಎರಡಂಶದ ಅಂತರವೇಕೆ? ಇಂಗ್ಲೆಂಡಿನ ಜಾನ್ ಪೋಪಲ್ 1956ರಲ್ಲಿ ವಲಯಪ್ರವಾಹವನ್ನು ಮುಂದಿಟ್ಟು ಉತ್ತರ ಕೊಟ್ಟರು. ಬಳೆಯಲ್ಲಿ ಹರಿಯುವ ಪ್ರವಾಹವು ತಾನೂ ಒಂದು ಕಾಂತವಾಗುತ್ತದೆ. ಬಳೆಯ ಒಳಗಡೆ ಅದು ಹೊರಗಿನ ಕಾಂತವನ್ನು ಎದುರಿಸುತ್ತದೆ. ಬಳೆಯ ಹೊರಗಡೆ, ಹೈಡ್ರೋಜನುಗಳು ಇರುವಲ್ಲಿ, ಅದಕ್ಕೆ ಕೈಗೂಡಿಸುತ್ತದೆ.

ಹಾಗಾದರೆ ಬಳೆಯ ಒಳಗಡೆ ಒಂದು ಹೈಡ್ರೋಜನ್ ಇದ್ದಿದ್ದರೆ? ಬೆಂಜೀನಿನಲ್ಲಿ ಅಷ್ಟು ಎಡೆಯಿಲ್ಲ. ಆದರೆ ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಫ್ರಾಂಜ್ ಸೋಂಡ್‌ಹೈಮರ್ 1960ರ ಸುಮಾರಿಗೆ 18 ಇಂಗಾಲಗಳ ದೊಡ್ಡ ಬಳೆಯೊಂದನ್ನು ಕಟ್ಟಿದರು. ಅದರಲ್ಲಿ 12 ಹೈಡ್ರೋಜನುಗಳು ಹೊರಗೆ, 6 ಒಳಗೆ. ಅದನ್ನು ತಣಿಸಿ ಪರೀಕ್ಷಿಸಿದಾಗ ಹೊರಗಿನವುಗಳ ಗೆರೆ 9ನ್ನು ದಾಟಿತು. ಒಳಗಿನವುಗಳದು ಸೊನ್ನೆಗಿಂತಲೂ ಸುಮಾರು 3 ಅಂಶ ಕೆಳಗೆ ಬಿದ್ದಿತು! ಸಿದ್ಧಾಂತವು ಹೇಳಿದಂತೆಯೇ ಒಳಗಿನವರೂ ಹೊರಗಿನವರೂ ತದ್ವಿರುದ್ಧವಾದ ಸಾಕ್ಷ್ಯವನ್ನು ನುಡಿದರು. 16 ಇಂಗಾಲಗಳ ಬಳೆಯಲ್ಲಂತೂ ಎಲ್ಲವೂ ತಲೆಕೆಳಗು. ಅಲ್ಲಿ ಒಳಗಿನವುಗಳ ಗೆರೆ 10ರ ಆಚೆ, ಹೊರಗಿನವುಗಳದು 5ರ ಸುಮಾರಿಗೆ. ಅಂಥ ಬಳೆಯಲ್ಲಿ ಪ್ರವಾಹವು ಎದುರು ದಿಕ್ಕಿಗೆ ಹರಿಯುವುದೆಂದು ಪೋಪಲ್ ಮತ್ತು ಅಂಚ್ 1966ರಲ್ಲಿ ತೋರಿಸಿದರು.

ಹೊಳೆ ಉಂಟೋ, ಇಲ್ಲವೋ?

ಇಷ್ಟಾದ ಮೇಲೂ ಒಂದು ಸಂದೇಹ ಉಳಿದಿತ್ತು. 1965ರಲ್ಲಿ ಅಮೆರಿಕದ ಜೆರೆಮಿ ಮಶರ್ ಎಂಬ ವಿಜ್ಞಾನಿ ವಲಯಪ್ರವಾಹವೆಂಬ ಕಲ್ಪನೆಯ ಬುಡಕ್ಕೇ ಕೈಹಾಕಿದರು. ಒಂದೊಂದು ಪರಮಾಣು, ಒಂದೊಂದು ಬಂಧ ತನ್ನತನ್ನಲ್ಲೇ ತೋರುವ ಸ್ಥಳೀಯ ಪರಿಣಾಮಗಳನ್ನು ಕೂಡಿಸಿದರೆ ಇದೇ ಫಲ ಬರಬಹುದಲ್ಲ, ಬಳೆಯ ಸುತ್ತ ಹೊಳೆಯೊಂದು ಹರಿಯುವುದೆಂದು ಏಕೆ ಕಲ್ಪಿಸಬೇಕು ಎಂಬುದು ಅವರ ವಾದ.

ಆಕ್ಷೇಪಣೆಯನ್ನು ಕುಚೋದ್ಯವೆಂದು ತಳ್ಳಿಹಾಕುವಂತಿರಲಿಲ್ಲ. ಗೆರೆ ಸರಿದುದನ್ನು ಯಂತ್ರ ತೋರಿಸುತ್ತದೆ, ಪ್ರವಾಹವನ್ನು ತೋರಿಸುವುದಿಲ್ಲ. ಕೆರೆಯ ಮಟ್ಟ ಏರಿದ್ದನ್ನು ನೋಡಿ ಕಾಲುವೆ ಹರಿಯಿತೆನ್ನಬಹುದು. ಮಳೆ ಬಿದ್ದಿತೆಂದೂ ಹೇಳಬಹುದಷ್ಟೆ. ತೀರ್ಪು ಹೇಳಬೇಕಾದರೆ ಕಾಲುವೆಯ ಬದಿಗೇ ಹೋಗಿ ನಿಲ್ಲಬೇಕು. ಅಣುವಿನ ಕಾಲುವೆಯ ಬದಿಗೆ ಹೋಗಬಲ್ಲುದು ಗಣಿತವೊಂದೇ.

ಲೆಕ್ಕದ ಕಾಲುವೆ

ಬೆಂಜೀನಿನಲ್ಲಿ ಎಲೆಕ್ಟ್ರಾನುಗಳು 42. ಒಂದೊಂದೂ ಉಳಿದ 41ನ್ನು ತಳ್ಳುತ್ತಿರುತ್ತದೆ. ಅವೆಲ್ಲವುಗಳ ಚಲನೆಯನ್ನು ಕ್ವಾಂಟಮ್ ಸಮೀಕರಣದಿಂದ ಪೂರ್ತಿ ನಿಖರವಾಗಿ ಬಿಡಿಸುವುದು ಅಸಾಧ್ಯ. ಹಂತಹಂತವಾಗಿ ಉತ್ತರವನ್ನು ತಿದ್ದುತ್ತ ಸತ್ಯಕ್ಕೆ ಸಮೀಪಿಸಬೇಕು. ಗಣಕಯಂತ್ರದ ನೆರವಿನಿಂದ ಈ ಕಾರ್ಯವನ್ನು ಮಾಡುವ ಶಾಸ್ತ್ರವೇ ಗಣಕೀಯ ಕ್ವಾಂಟಮ್ ರಸಾಯನ. ಇದನ್ನು ಬೆಳೆಸಿದುದಕ್ಕಾಗಿಯೇ ಪೋಪಲ್ ಅವರಿಗೆ 1998ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಕಾಂತಕ್ಷೇತ್ರ ಸೇರಿದೊಡನೆ ಲೆಕ್ಕದಲ್ಲಿ ವಿಚಿತ್ರವಾದ ತೊಡಕೊಂದು ಎದುರಾಗುತ್ತದೆ. ಹೊಲವನ್ನು ಅಳೆಯುವಾಗ ಸರಪಳಿಯನ್ನು ಈಶಾನ್ಯದ ಮೂಲೆಯಿಂದ ಹಿಡಿದರೂ ನೈಋತ್ಯದ ಮೂಲೆಯಿಂದ ಹಿಡಿದರೂ ಎಕರೆ ಗುಂಟೆ ಒಂದೇ ಬರಬೇಕು. ಅಣುವಿನ ಲೆಕ್ಕದಲ್ಲಿಯೂ ಅಳತೆಯ ಮೂಲಬಿಂದು ಎಲ್ಲಿದ್ದರೂ ಉತ್ತರ ಒಂದೇ ಆಗಬೇಕು. ಆದರೆ ಲೆಕ್ಕವು ಅಂದಾಜಿನದಾದ್ದರಿಂದ, ಮೂಲಬಿಂದುವನ್ನು ಸರಿಸಿದೊಡನೆ ಉತ್ತರವೂ ಸರಿಯುತ್ತಿತ್ತು. ಫ್ರಿಟ್ಜ್ ಲಂಡನ್ ಅವರ 1937ರ ಯುಕ್ತಿ ಇಲ್ಲಿ ಕೈಹಿಡಿಯಿತು: ಇಡೀ ಅಣುವಿಗೆ ಒಂದೇ ಮೂಲಬಿಂದುವಿನ ಬದಲು, ಒಂದೊಂದು ಪರಮಾಣುವಿಗೂ ಅದರದರ ಮೂಲಬಿಂದುವನ್ನು ಕೊಡುವುದು. 1974ರಲ್ಲಿ ಡಿಚ್‌ಫೀಲ್ಡ್ ಅದನ್ನು ಅನುರಣನದ ಗೆರೆಗಳ ಲೆಕ್ಕಕ್ಕೆ ಅಳವಡಿಸಿದರು. 1990ರಲ್ಲಿ ವೊಲಿನ್ಸ್ಕಿ, ಹಿಂಟನ್ ಮತ್ತು ಪುಲೈ ಅದನ್ನು ದೊಡ್ಡ ಅಣುಗಳಿಗೂ ಸುಲಭವಾಗುವಂತೆ ಮಾಡಿದರು.

ಇದರಿಂದ ಗೆರೆಗಳ ಲೆಕ್ಕ ಸಾಧ್ಯವಾಯಿತು. ಹೊಳೆಯ ಲೆಕ್ಕ ಇನ್ನೂ ಬಾಕಿಯಿತ್ತು. 2004ರಲ್ಲಿ ಯುಸೆಲಿಯಸ್, ಸುಂಡ್‌ಹೋಮ್, ಗೌಸ್ ಎಂಬ ಮೂವರು ಅದನ್ನು ಪೂರೈಸಿದರು. ಅವರ ಉಪಾಯ ಗಂಗಾವತಿಯ ರೈತನಿಗೆ ಕೂಡಲೆ ಅರ್ಥವಾಗುವಂಥದು. ಕಾಲುವೆಯಲ್ಲಿ ಎಷ್ಟು ನೀರು ಹೋಗುತ್ತಿದೆಯೆಂದು ತಿಳಿಯಲು ನೀರಾವರಿಯವರು ಒಂದು ಕಡೆ ಅಡ್ಡಲಾಗಿ ಅಳತೆ ಮಾಡಿ, ಸೆಕೆಂಡಿಗೆ ಇಷ್ಟು ಘನ ಅಡಿ, ಇಷ್ಟು ಕ್ಯೂಸೆಕ್ ಎನ್ನುತ್ತಾರೆ. ಹಾಗೆಯೇ ಬಳೆಯ ಒಂದು ಬಂಧಕ್ಕೆ ಅಡ್ಡಲಾಗಿ ಗಣಿತದ ಪರದೆಯೊಂದನ್ನು ನಿಲ್ಲಿಸಿ, ಅದನ್ನು ದಾಟುವ ಪ್ರವಾಹವನ್ನು ಎಣಿಸುವುದು.

ಎಣಿಕೆಯ ಫಲ ಹೀಗಿದೆ. ಬಳೆಗೆ ಅಡ್ಡಲಾದ ಕ್ಷೇತ್ರ ಒಂದು ಟೆಸ್ಲಾ ಇದ್ದರೆ ಬೆಂಜೀನಿನಲ್ಲಿ ಹರಿಯುವ ಪ್ರವಾಹ ಸುಮಾರು 12 ನ್ಯಾನೊಆಂಪಿಯರ್. ಒಂದು ನ್ಯಾನೊಆಂಪಿಯರ್ ಎಂದರೆ ಆಂಪಿಯರಿನ ನೂರು ಕೋಟಿಯಲ್ಲಿ ಒಂದು ಪಾಲು. ಕೇಳಲು ಅತ್ಯಲ್ಪ, ಆದರೆ ಪರದೆಯನ್ನು ಸೆಕೆಂಡಿಗೆ ಸುಮಾರು 7,500 ಕೋಟಿ ಎಲೆಕ್ಟ್ರಾನುಗಳು ದಾಟಿದುದಕ್ಕೆ ಅದು ಸಮ. ಅಷ್ಟೇ ಅಲ್ಲ, ಹೊಳೆ ಒಂದಲ್ಲ, ಎರಡು. ಬಳೆಯ ಹೊರಮೈಯಲ್ಲಿ ಸುಮಾರು 17 ನ್ಯಾನೊಆಂಪಿಯರಿನ ಪ್ರವಾಹ ಒಂದು ದಿಕ್ಕಿಗೆ, ಒಳಮೈಯಲ್ಲಿ ಸುಮಾರು 5 ನ್ಯಾನೊಆಂಪಿಯರಿನದು ಎದುರು ದಿಕ್ಕಿಗೆ. ಕಳೆದು ಉಳಿದುದು 12. ಮಶರ್ ಅವರು ಒತ್ತಿ ಹೇಳಿದ ಸ್ಥಳೀಯ ಸುಳಿಗಳು ಸುಳ್ಳಲ್ಲ. ಪರಮಾಣುಗಳ ಸುತ್ತ ಅವೂ ಲೆಕ್ಕದಲ್ಲಿ ಕಾಣುತ್ತವೆ. ಆದರೆ ಸುಳಿಯ ನೀರು ಪರದೆಯನ್ನು ಒಂದು ಕಡೆ ದಾಟಿ ಇನ್ನೊಂದು ಕಡೆ ಹಿಂದಿರುಗುವುದರಿಂದ ಒಟ್ಟಿನಲ್ಲಿ ಸೊನ್ನೆಯಾಗುತ್ತದೆ. ಬಳೆಯನ್ನು ಪೂರ್ತಿ ಸುತ್ತುವ ಹೊಳೆ ಮಾತ್ರ ಉಳಿಯುತ್ತದೆ.

ಸಂದೇಹ ಕೇವಲ ಪಂಡಿತರ ಕಾಲಹರಣವಾಗಿರಲಿಲ್ಲ. ಹೊಸ ಔಷಧದ ಅಣುವಿನಲ್ಲಿ ಬಳೆ ಎಲ್ಲಿದೆ, ಯಾವುದಕ್ಕೆ ಹತ್ತಿಕೊಂಡಿದೆ ಎಂಬುದನ್ನು ರಸಾಯನಜ್ಞರು ಅನುರಣನದ ಗೆರೆಗಳನ್ನು ಓದಿಯೇ ನಿರ್ಧರಿಸುತ್ತಾರೆ. ಗೆರೆ ಏಕೆ ಸರಿಯಿತೆಂಬ ವಿವರಣೆ ತಪ್ಪಿದ್ದರೆ ಓದೂ ತಪ್ಪಬಹುದು. ಈಗ ಲೆಕ್ಕ ಹಾಕಿದ ಗೆರೆಯನ್ನೂ ಯಂತ್ರ ತೋರಿದ ಗೆರೆಯನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡುವುದು ಸಾಧ್ಯವಾಗಿದೆ.

ಬೆಂಗಳೂರಿನ ಪಾಲು

ಯಂತ್ರದ ಕಡೆಯಿಂದ ಈ ಓದನ್ನು ಬೆಳೆಸಿದುದರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಗಣ್ಯವಾದ ಸ್ಥಾನವುಂಟು. ಅಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದ ಅನಿಲ್ ಕುಮಾರ್ ಅವರು ಜ್ಯೂರಿಕ್ಕಿನಲ್ಲಿದ್ದಾಗ, 1975ರಲ್ಲಿ, ವೆಲ್ಟಿ ಮತ್ತು ರಿಚರ್ಡ್ ಅರ್ನ್ಸ್ಟ್ ಅವರೊಡನೆ ಅನುರಣನದಿಂದ ಚಿತ್ರ ಪಡೆಯುವ ಹೊಸ ವಿಧಾನವನ್ನು ರೂಪಿಸಿದರು. ಆಸ್ಪತ್ರೆಗಳ ಎಮ್.ಆರ್.ಐ. ಚಿತ್ರಣಕ್ಕೆ ಅದೊಂದು ತಳಹದಿಯಾಯಿತು. 1980ರಲ್ಲಿ ಅರ್ನ್ಸ್ಟ್ ಮತ್ತು ವುಟ್ರಿಕ್ ಅವರೊಡನೆ ಅವರು ಪ್ರಕಟಿಸಿದ ಇನ್ನೊಂದು ವಿಧಾನ, ಪ್ರೋಟೀನಿನ ಯಾವ ಹೈಡ್ರೋಜನಿಗೆ ಯಾವುದು ಹತ್ತಿರವೆಂದು ತಿಳಿಸಿ, ದ್ರಾವಣದಲ್ಲಿರುವ ಪ್ರೋಟೀನುಗಳ ಆಕಾರವನ್ನು ಬಿಡಿಸಲು ದಾರಿ ಮಾಡಿತು. ಆ ಸಂಸ್ಥೆಯಲ್ಲಿ 1977ರಲ್ಲಿ ಆರಂಭವಾದ ಉಪಕರಣ ಕೇಂದ್ರವೇ ಮುಂದೆ ಎನ್.ಎಮ್.ಆರ್. ಸಂಶೋಧನ ಕೇಂದ್ರವೆನಿಸಿತು.

ಎಮ್.ಆರ್.ಐ. ಯಂತ್ರದೊಳಗೆ ಮಲಗಿದ ರೋಗಿಗೆ ಗಡಗಡ ಸದ್ದಿನ ಹೊರತು ಏನೂ ಅರಿವಾಗದು. ಆದರೆ ಅವನ ಮೈಯ ಪ್ರೋಟೀನುಗಳಲ್ಲಿಯೂ ಬೆಂಜೀನಿನಂಥ ಬಳೆಗಳುಂಟು. ಯಂತ್ರದ ಕ್ಷೇತ್ರ 1.5 ಟೆಸ್ಲಾ ಇದ್ದರೆ, ಅದಕ್ಕೆ ಅಡ್ಡವಾಗಿ ನಿಂತ ಒಂದೊಂದು ಬಳೆಯಲ್ಲಿಯೂ ಸುಮಾರು 18 ನ್ಯಾನೊಆಂಪಿಯರ್ ಹರಿಯುತ್ತಿರುತ್ತದೆ. ಹೊರಗೆ ಬಂದ ಕೂಡಲೆ ಅದು ಅಡಗುತ್ತದೆ, ಪೂರ್ತಿಯಾಗಿ ಅಲ್ಲ. ಭೂಮಿಯೂ ಒಂದು ಕಾಂತವೇ. ಗಂಗಾವತಿಯಲ್ಲಿ ಅದರ ಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ, ಎಂದರೆ ಒಂದು ಟೆಸ್ಲಾದ ಇಪ್ಪತ್ತೈದು ಸಾವಿರದಲ್ಲಿ ಒಂದಂಶ. ಅಷ್ಟಕ್ಕೂ ಬಳೆ ಓಗೊಡದಿರುವುದಿಲ್ಲ.

ಭತ್ತದೆಲೆಯ ಹಸಿರಿಗೆ ಕಾರಣವಾದ ಪತ್ರಹರಿತ್ತು, ನೆತ್ತರಿನ ಕೆಂಪಿಗೆ ಕಾರಣವಾದ ಹೀಮ್, ಇವೆರಡೂ ಪಾರ್ಫಿರಿನ್ ಎಂಬ ದೊಡ್ಡ ಬಳೆಯ ವಂಶದವು. ಆ ವಂಶದ ಮೂಲ ಅಣುವಾದ ಪಾರ್ಫಿನಿನಲ್ಲಿ ಟೆಸ್ಲಾಕ್ಕೆ ಸುಮಾರು 27 ನ್ಯಾನೊಆಂಪಿಯರ್ ಹರಿಯುವುದೆಂದು ಲೆಕ್ಕ ತಿಳಿಸುತ್ತದೆ. ಬೆಂಜೀನಿನ ಎರಡರಷ್ಟಕ್ಕಿಂತ ಹೆಚ್ಚು. ಅಂಥ ಬಳೆಯ ನಡುವೆ ಸೇರಿದ ಹೈಡ್ರೋಜನುಗಳ ಗೆರೆ, 18 ಇಂಗಾಲಗಳ ಬಳೆಯಲ್ಲಿನಂತೆಯೇ, ಸೊನ್ನೆಗಿಂತ ಕೆಳಗೆ ಬೀಳುತ್ತದೆ. ಲೆಕ್ಕವೂ ಸಾಕ್ಷಿಯೂ ಅಲ್ಲಿ ಒಂದೇ ಮಾತನ್ನಾಡುತ್ತವೆ.

ಕಾಲುವೆಯ ನೀರು ಬಂದು ನಾಟಿ ಮುಗಿದ ಗದ್ದೆಯ ಒಂದೊಂದು ಎಲೆಯಲ್ಲಿಯೂ ಇಂಥ ಬಳೆಗಳು ಎಣಿಕೆಗೆ ಸಿಕ್ಕದಷ್ಟು. ಸೀರೆಯ ಪೆಟ್ಟಿಗೆಯ ಮೂಲೆಯಲ್ಲಿ ದಿನದಿನಕ್ಕೂ ಕರಗುವ ಗುಳಿಗೆಯಲ್ಲಿಯೂ ಅಷ್ಟೆ. ಭೂಮಿಯ ಕಾಂತವು ಅವುಗಳ ಮೂಲಕ ಹಗಲಿರುಳೂ ಹಾದುಹೋಗುತ್ತಿದೆ. ಅಡ್ಡ ನಿಂತ ಒಂದೊಂದು ಬಳೆಯಲ್ಲಿಯೂ ಫ್ಯಾರಡೆ ಕಬ್ಬಿಣದ ಉಂಗುರದಲ್ಲಿ ಕಂಡುದರ ಕಿರುರೂಪವೊಂದು, ತಂತಿಯಿಲ್ಲದೆ, ಸದ್ದಿಲ್ಲದೆ, ಶಾಖವಿಲ್ಲದೆ ನಡೆದೇ ಇದೆ.